ಸೋತ ಚಿಕಿತ್ಸೆಯ ಸುದ್ದಿಯೂ ಬರಲಿ

ಮಾನ್ಯರೇ,

ಮೆದುಳು, ಬೆನ್ನುಹುರಿಯ ನರಗಳನ್ನು ಹಾಳುಮಾಡುವ ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆ ಎಂದು ಖಚಿತವಾದ ಕೂಡಲೇ ಮನೆಯವರು ಕೇಳುವ ಪ್ರಶ್ನೆ ‘ಇದಕ್ಕೆ ಆಪರೇಷನ್ ಇಲ್ಲವೇ?’ ಎಂಬುದು. ಇದೆ ಎಂದು ಜಗತ್ತನ್ನೇ ನಂಬಿಸಿದ ಕಾಲವೊಂದಿತ್ತು. ಮೆದುಳಿನಿಂದ ರಕ್ತವನ್ನು ಕೆಳಗಿಳಿಸುವ ಕುತ್ತಿಗೆ ಮತ್ತು ಎದೆಯ ಅಭಿಧಮನಿಗಳು ಕಿರಿದಾಗಿರುವುದಕ್ಕೂ ಈ ಕಾಯಿಲೆಗೂ ನಂಟಿದೆ ಎಂದು ಇಟಲಿಯ ಫೆರಾರಾದ ರಕ್ತನಾಳ ತಜ್ಞ ಪಾವೊಲೊ ಝಾಂಬೋನಿ 2009ರಲ್ಲಿ ವಾದಿಸಿದರು. ತೊಡೆಸಂದಿನ ರಕ್ತನಾಳದೊಳಗಿಂದ ತೆಳುವಾದ ಕೊಳವೆಯನ್ನು ಕುತ್ತಿಗೆಯವರೆಗೆ ಏರಿಸಿ, ತುದಿಯಲ್ಲಿರುವ ಬಲೂನನ್ನು ಉಬ್ಬಿಸಿ, ಕಿರಿದಾದ ಜಾಗವನ್ನು ಹಿಗ್ಗಿಸುವ ಈ ವಿಧಾನಕ್ಕೆ ‘ವಿಮೋಚನಾ ಚಿಕಿತ್ಸೆ’ ಎಂಬ ಹೆಸರೂ ಬಿತ್ತು. ತಮ್ಮ ದೇಶದಲ್ಲಿ ಅದು ಸಿಗದೆ ಕೆನಡಾದ ಎಷ್ಟೋ ರೋಗಿಗಳು ಸ್ವಂತ ಖರ್ಚಿನಲ್ಲಿ ಪೋಲೆಂಡ್, ಮೆಕ್ಸಿಕೊಗಳಿಗೆ ಹೋದರು. ಭಾರತದ ಖಾಸಗಿ ಆಸ್ಪತ್ರೆಗಳಿಗೂ ಬಂದರು.

ಆಮೇಲಿನ ಕಥೆ ಮಾತ್ರ ಹೆಚ್ಚು ಜನರಿಗೆ ತಲುಪಲೇ ಇಲ್ಲ. ಹಿಗ್ಗಿಸಿದ ರಕ್ತನಾಳ ತೆರೆದಿರಲೆಂದು ಕೆಲವರಿಗೆ ಇಟ್ಟ ಸ್ಟೆಂಟ್ (ಜಾಲರಿಯ ಕೊಳವೆ) ಜಾರುವುದು, ರಕ್ತ ಹೆಪ್ಪುಗಟ್ಟುವುದು, ಸಾವು ಕೂಡ ಸಂಭವಿಸಿದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2012ರಲ್ಲೇ ಎಚ್ಚರಿಸಿತ್ತು. ಕೆನಡಾದಲ್ಲಿ 104 ರೋಗಿಗಳ ಪೈಕಿ ಕೆಲವರಿಗೆ ನಿಜವಾದ ಚಿಕಿತ್ಸೆ, ಉಳಿದವರಿಗೆ ಬರೀ ತೋರಿಕೆಯ ಚಿಕಿತ್ಸೆ ಕೊಟ್ಟು ಸುಮಾರು ಒಂದು ವರ್ಷ ಗಮನಿಸಿದಾಗ ಎರಡೂ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಇಟಲಿಯಲ್ಲಿ ಸ್ವತಃ ಝಾಂಬೋನಿಯವರೇ ನಡೆಸಿದ ಪ್ರಯೋಗವೂ 2017ರಲ್ಲಿ ಅದೇ ತೀರ್ಮಾನಕ್ಕೆ ಬಂತು. ತಮ್ಮ ವಾದಕ್ಕೆ ವಿರುದ್ಧವಾದ ಫಲಿತಾಂಶವನ್ನು ತಾವೇ ಪ್ರಕಟಿಸಿದ ಅವರ ಪ್ರಾಮಾಣಿಕತೆ, ಈ ಚಿಕಿತ್ಸೆಯನ್ನು ಮಾರಿದ ಎಷ್ಟೋ ಮಂದಿಯಲ್ಲಿ ಕಾಣಲಿಲ್ಲ.

ದೇಹದ ರೋಗನಿರೋಧಕ ವ್ಯವಸ್ಥೆಯೇ ನರತಂತುಗಳ ಮಯಲಿನ್ ಹೊದಿಕೆಯ ಮೇಲೆ ದಾಳಿ ಮಾಡುವ ಈ ಕಾಯಿಲೆಯಲ್ಲಿ, ಆ ದಾಳಿಯನ್ನು ಹತ್ತಿಕ್ಕುವ ಔಷಧಗಳಿಂದಲೇ ಇದುವರೆಗೆ ಪ್ರಯೋಜನ ಕಂಡಿದೆ. 1993ರ ಇಂಟರ್‌ಫೆರಾನ್‌ನಿಂದ 2017ರ ಓಕ್ರೆಲಿಝುಮ್ಯಾಬ್‌ವರೆಗೆ ದಾರಿ ಸಾಗಿದೆ. ನಮ್ಮಲ್ಲಿ ಅದಕ್ಕಿಂತ ಅಗ್ಗವಾಗಿ ಸಿಗುವ ರಿಟುಕ್ಸಿಮ್ಯಾಬ್ ಅನ್ನು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಈ ಕಾಯಿಲೆಗೂ ಅತ್ಯಗತ್ಯ ಔಷಧವೆಂದು ಪಟ್ಟಿಗೆ ಸೇರಿಸಿತು. ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಿ, ಅಲರ್ಜಿಯಾಗದಂತೆ ಮುಂಚಿತವಾಗಿ ಸ್ಟೆರಾಯ್ಡ್ ಚುಚ್ಚಿಸಿಕೊಂಡು, ಗಂಟೆಗಟ್ಟಲೆ ಡ್ರಿಪ್ ಹಾಕಿಸಿಕೊಳ್ಳುವ ಈ ಚಿಕಿತ್ಸೆಯಲ್ಲಿ ಸುದ್ದಿಯಾಗುವಂಥ ರೋಮಾಂಚನವೇನೂ ಇಲ್ಲ. ಅಪಾಯವಂತೂ ಇದ್ದೇ ಇದೆ: ಒಳಗೆ ಅಡಗಿರುವ ಹೆಪಟೈಟಿಸ್ ಬಿ ಮರುಕಳಿಸಬಹುದಾದ್ದರಿಂದ ಮೊದಲೇ ರಕ್ತಪರೀಕ್ಷೆ ಮಾಡಿಸಬೇಕು, ನಮ್ಮ ದೇಶದಲ್ಲಿ ಕ್ಷಯವನ್ನೂ ಮರೆಯುವಂತಿಲ್ಲ.

ಈಗ ಜನರ ಬಾಯಲ್ಲಿರುವುದು ಆಕರಕೋಶ (ಸ್ಟೆಮ್ ಸೆಲ್) ಕಸಿ. ಇದು ಶಸ್ತ್ರಚಿಕಿತ್ಸೆಯಲ್ಲ, ಕಿಮೊಥೆರಪಿಯಿಂದ ರೋಗನಿರೋಧಕ ವ್ಯವಸ್ಥೆಯನ್ನು ಅಳಿಸಿ, ರೋಗಿಯದೇ ಆಕರಕೋಶಗಳಿಂದ ಮತ್ತೆ ಕಟ್ಟುವ ಕ್ರಮ. 2016ರಲ್ಲಿ ವರದಿಯಾದ ಕೆನಡಾದ ಅಧ್ಯಯನದಲ್ಲಿ 24 ಮಂದಿಯ ಪೈಕಿ ಬದುಕುಳಿದವರಲ್ಲಿ ಕಾಯಿಲೆ ಮತ್ತೆ ಉಲ್ಬಣಿಸಲಿಲ್ಲ, ಆದರೆ ಚಿಕಿತ್ಸೆಯಿಂದಲೇ ಒಬ್ಬರು ತೀರಿಕೊಂಡರು. ಇಂಥ ಚಿಕಿತ್ಸೆಯ ಬಗ್ಗೆ ಬರೆಯುವಾಗ ಈ ಎರಡೂ ಮಾತು ಒಂದೇ ವರದಿಯಲ್ಲಿರಲಿ, ಮತ್ತು ಅಭಿಧಮನಿ ಹಿಗ್ಗಿಸುವ ಚಿಕಿತ್ಸೆ ಸೋತ ಸಂಗತಿಯನ್ನು ತಮ್ಮ ಆರೋಗ್ಯ ಪುರವಣಿ ಈಗಲಾದರೂ ಪ್ರಕಟಿಸಲಿ ಎಂದು ಕೋರುತ್ತೇನೆ.

– ಓದುಗ, ಶಿವಮೊಗ್ಗ