ತೂಕದ ಮೆಷಿನ್ ಅಟ್ಟದ ಮೇಲಿದೆ

ಪುಟ್ಟಿ,

ನೀನು ಬಸ್ಸು ಹತ್ತಿ ನಾಲ್ಕು ದಿನ ಆಯಿತು. ಅಮ್ಮನಿಗೆ ದಿನಾ ಫೋನ್ ಮಾಡುತ್ತೀಯ, ನನಗೆ ಮಾಡಿಲ್ಲ. ನಿನ್ನ ಸಿಟ್ಟು ನ್ಯಾಯವಾದದ್ದೇ. "ಕುಸ್ತಿ ಬಿಟ್ಟು ಮನೆಯಲ್ಲಿರು" ಅಂದೆನಲ್ಲ, ಆ ಮಾತು ಮನಸ್ಸಲ್ಲಿಟ್ಟುಕೊಳ್ಳಬೇಡ. ಹೆದರಿದ್ದೆ. ಬಾಯಿಗೆ ಬಂದದ್ದು ಅಂದುಬಿಟ್ಟೆ.

ಬಚ್ಚಲುಮನೆ ಬಾಗಿಲು ತೆಗೆದಾಗ ಕಂಡದ್ದು ಇನ್ನೂ ಕಣ್ಣ ಮುಂದೆಯೇ ಇದೆ. ಬಿಸಿನೀರು ಸುಮ್ನೆ ಸುರಿಯುತ್ತಿತ್ತು. ಒಳಗೆಲ್ಲ ಹಬೆ. ಪ್ಲಾಸ್ಟಿಕ್ ಜಾಕೆಟ್ಟಿನ ಮೇಲೆ ಸ್ವೆಟರ್ ಹಾಕಿಕೊಂಡು ನೀನು ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದೆ. ಕೈಯಲ್ಲಿ ಸ್ಟೀಲ್ ಲೋಟ. ಅದಕ್ಕೆ ಉಗುಳುತ್ತಿದ್ದೆ. ತುಟಿ ಒಣಗಿ ಬಿರುಕು ಬಿಟ್ಟಿತ್ತು. "ಇನ್ನು 600 ಗ್ರಾಂ ಅಷ್ಟೇ ಅಪ್ಪ, ಬಾಗಿಲು ಹಾಕು" ಅಂದೆ. ಚಿಕ್ಕವಳಿದ್ದಾಗ ತಾಲೀಮು ಮುಗಿಸಿ ಬಂದು ಬಾದಾಮಿ ಹಾಲು ಕುಡಿಯುತ್ತಿದ್ದೆಯಲ್ಲ, ಅದೇ ಲೋಟ.

ಇದನ್ನು ನಿನಗೆ ಕಲಿಸಿದವನು ನಾನೇ. ಆಗ ನಿನಗೆ 16. ನೀನು ಆಡುತ್ತಿದ್ದುದು 49 ಕೆಜಿ ತೂಕದ ವಿಭಾಗದಲ್ಲಿ. "46ಕ್ಕೆ ಇಳಿದರೆ ಪದಕ ಗ್ಯಾರಂಟಿ" ಅಂದೆ. ಆ ಯುಗಾದಿಗೆ ನೀನು ಹೋಳಿಗೆ ಮುಟ್ಟಲಿಲ್ಲ. ನೆಂಟರ ಮುಂದೆ "ನನ್ನ ಮಗಳ ಮನಸ್ಸು ಎಷ್ಟು ಗಟ್ಟಿ ನೋಡಿ" ಅಂತ ಬೀಗಿದೆ. ನೀನು ತಲೆ ತಗ್ಗಿಸಿ ಕೋಸಂಬರಿಯಲ್ಲಿ ಬೆರಳಾಡಿಸುತ್ತಿದ್ದೆ. ಹಸಿದು ಕೂತ ಮಗುವನ್ನು ನಾನು ಹೊಗಳಿದೆ. ಅದಕ್ಕೆ ಕ್ಷಮೆ ಕೇಳುತ್ತೇನೆ ಮಗಳೇ. ಆ ರಾತ್ರಿ ನಿನ್ನ ಮೇಲೆ ರೇಗುವ ಮೊದಲೇ ಕೇಳಬೇಕಿತ್ತು.

ನಿನ್ನ ತಾತನ ಗರಡಿಯಲ್ಲಿ ತೂಕದ ಮೆಷಿನ್ ಇರಲಿಲ್ಲ. ಹುಡುಗಿಯರನ್ನು ಒಳಗೆ ಬಿಡುತ್ತಿರಲಿಲ್ಲ, ಅದು ಆ ಗರಡಿಯ ತಪ್ಪು. ನೀನು ಮ್ಯಾಟ್ ಮೇಲೆ ಕಲಿಯಬೇಕಾಯಿತು. ಆದರೆ ಅಲ್ಲಿನ ಒಂದೆರಡು ಸಂಗತಿ ನಿನಗೂ ಸಿಗಬೇಕಿತ್ತು. ಬೆಳಗಿನ ಜಾವ ಮೊದಲ ಕೆಲಸ ಮಟ್ಟಿ ಅಗೆಯುವುದು. ಅರಿಶಿನ, ಎಣ್ಣೆ, ಮಜ್ಜಿಗೆ ಕುಡಿದ ಕೆಮ್ಮಣ್ಣು, ಗುದ್ದಲಿ ಹಾಕಿದರೆ ಘಮ್ಮೆನ್ನುತ್ತಿತ್ತು. ಅಗೆದು ಸಮ ಮಾಡುವಷ್ಟರಲ್ಲೇ ಮೈ ಬೆವರುತ್ತಿತ್ತು. ಆಮೇಲೆ ಹನುಮಂತನಿಗೆ ಕೈಮುಗಿದು, ಮಣ್ಣು ಮುಟ್ಟಿ ಹಣೆಗಿಟ್ಟುಕೊಂಡು ದಂಡೆ, ಬಸ್ಕಿ. ಜೋಡಿ ಕಟ್ಟುವಾಗ ತಾತ ಹುಡುಗರ ಹೆಗಲ ಮೇಲೆ ಕೈಯಿಟ್ಟು, ಕುತ್ತಿಗೆ ಹಿಡಿದು ನೋಡುತ್ತಿದ್ದರು. ಹೊಟ್ಟೆಗಿಲ್ಲದೆ ಬಂದವನನ್ನು ಮಣ್ಣಿಗೆ ಇಳಿಸುತ್ತಿರಲಿಲ್ಲ. ಮೊದಲು ನೆನೆಸಿದ ಕಡಲೆ ತಿನ್ನಿಸಿ, ಗೋಡೆ ಪಕ್ಕ ಕೂರಿಸುತ್ತಿದ್ದರು. ಅವರು ಒಬ್ಬ ಹುಡುಗನಿಗೂ "ಕಮ್ಮಿಯಾಗು" ಅಂದದ್ದು ನಾನು ಕೇಳಿಲ್ಲ. ಅವರ ಮಗನಾದ ನಾನು ನಿನಗೆ ಅಂದೆ.

ವಿನೇಶ್ ಫೋಗಟ್ ವಿಷಯ ನಿನಗೆ ಹೇಳಬೇಕಾಗಿಲ್ಲ. 2024ರ ಆಗಸ್ಟ್ 7ರಂದು ನಾವಿಬ್ಬರೂ ಊಟ ಬಿಟ್ಟು ಕೂತಿದ್ದೆವು. ಅವಳು ಟೋಕಿಯೋ ಒಲಿಂಪಿಕ್ಸ್‌ನಲ್ಲಿ 53 ಕೆಜಿಯಲ್ಲಿ ಆಡಿದವಳು. ಪ್ಯಾರಿಸ್‌ಗೆ 50ಕ್ಕೆ ಇಳಿದಳು. ಹಿಂದಿನ ದಿನ ಟೋಕಿಯೋ ಚಿನ್ನ ಗೆದ್ದಿದ್ದ ಜಪಾನಿನ ಸುಸಾಕಿಯಂಥವಳನ್ನು ಸೋಲಿಸಿ ಫೈನಲ್‌ಗೆ ಬಂದವಳು, ಬೆಳಿಗ್ಗೆ 100 ಗ್ರಾಂ ಜಾಸ್ತಿ ತೂಗಿದಳು. ಕೂದಲು ಕತ್ತರಿಸಿದರೂ ಇಳಿಯಲಿಲ್ಲ, ಆಟದಿಂದಲೇ ಅನರ್ಹಗೊಳಿಸಿದರು. ನೀನು ಅವತ್ತು ಅತ್ತದ್ದು ಹೋದ ಪದಕಕ್ಕೆ. ನಾನೂ ಅದಕ್ಕೇ ಅತ್ತೆ. ಅವಳು ಆ ರಾತ್ರಿಯಿಡೀ ಏನು ಪಾಡು ಪಟ್ಟಿರಬೇಕು ಅಂತ ನನಗೆ ಹೊಳೆದದ್ದು ಮೊನ್ನೆ, ಆ ಬಾಗಿಲು ತೆಗೆದಾಗ.

ನೀನು ಹೋದ ಮೇಲೆ ನಿದ್ದೆ ಬರದೆ ಓದುತ್ತಾ ಕೂತೆ. 1997ರಲ್ಲಿ ಅಮೆರಿಕದಲ್ಲಿ ಕಾಲೇಜು ಕುಸ್ತಿಯ ಮೂವರು ಹುಡುಗರು ಹೀಗೇ ತೂಕ ಇಳಿಸಲು ಹೋಗಿ ಸತ್ತರು. ಒಂದು ತಿಂಗಳ ಮೇಲೆ ಕೆಲವೇ ದಿನಗಳಲ್ಲಿ ಮೂವರು! ಬೆವರಿಳಿಸುವ ಜಾಕೆಟ್, ಹಬೆ, ನೀರು ಬಿಡುವುದು, ಎಲ್ಲಾ ನೀನು ಮಾಡುತ್ತಿದ್ದದ್ದೇ. ಆಮೇಲೆ ಅಲ್ಲಿ ಆ ಜಾಕೆಟ್ಟನ್ನೇ ನಿಷೇಧಿಸಿದರು. ಮೈತೂಕದಲ್ಲಿ ನೂರಕ್ಕೆ ಎರಡರಷ್ಟು ನೀರು ಕಳೆದುಕೊಂಡರೂ ಕಸುವು ಇಳಿಯಬಹುದು, ಗಮನ ಚದುರಬಹುದು. ನಿನ್ನ 54 ಕೆಜಿಗೆ ಅದು ಒಂದು ಕೆಜಿ ಚಿಲ್ಲರೆ. ನೀನು ನಾಲ್ಕು ಇಳಿಸಲು ಹೊರಟಿದ್ದೆ. ಎದುರಾಳಿ ಕಾಲಿಗೆ ಕೈ ಹಾಕುವ ಮೊದಲೇ ಅವಳ ಭುಜ ಅಲುಗುವುದು ನಿನಗೆ ಕಾಣಬೇಕು. ಬಾಯಾರಿ ತಲೆ ಸುತ್ತುತ್ತಿದ್ದರೆ ಕಾಣುತ್ತದಾ?

ಇನ್ನೊಂದು. ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ. ಮೂರು ತಿಂಗಳಿಂದ ನೀನು ಮುಟ್ಟಾಗಿಲ್ಲ ಅಂತ ಅಮ್ಮ ಹೇಳಿದಳು. ಅಪ್ಪನಿಗೆ ಯಾಕೆ ಹೇಳಿದೆ ಅಂತ ಅವಳ ಮೇಲೆ ಸಿಟ್ಟಾಗಬೇಡ, ನಾನೇ ಪೀಡಿಸಿ ಕೇಳಿದೆ. ಸಾಕಷ್ಟು ತಿನ್ನದೆ ಜಾಸ್ತಿ ತಾಲೀಮು ಮಾಡುವ ಹುಡುಗಿಯರಿಗೆ ಹೀಗಾಗುತ್ತದಂತೆ. ಹಾಗೇ ಬಿಟ್ಟರೆ ಮೂಳೆ ಸವೆಯುತ್ತದೆ. ಡಾಕ್ಟರ ಹತ್ತಿರ ಹೋಗು. ಒಬ್ಬಳೇ ಬೇಡ, ಅಮ್ಮ ಬರುತ್ತಾಳೆ. ಮುಂದಕ್ಕೆ ಹಾಕಬೇಡ.

ಉಪದೇಶ ಮಾಡಬಾರದು ಅಂದುಕೊಂಡೇ ಪೆನ್ನು ಹಿಡಿದೆ. ನೋಡು, ಎಲ್ಲಿಗೆ ಬಂದೆ.

ಹೋದ ವರ್ಷ ಸೆಮಿಫೈನಲ್‌ನಲ್ಲಿ ಸೋತೆಯಲ್ಲ. ಎದ್ದು ಆ ಹುಡುಗಿಯ ಕೈ ಕುಲುಕಿದೆ, ಅವಳ ಕೋಚ್‌ಗೆ ಕೈಮುಗಿದೆ, ಆಚೆ ಬಂದು ಶೂ ಲೇಸ್ ಬಿಚ್ಚುತ್ತಾ "ಎಡಗಾಲು ಮುಂದೆ ಬಿಟ್ಟೆ ಅಪ್ಪ" ಅಂದೆ. ಹತ್ತು ವರ್ಷದವಳಿದ್ದಾಗ ಚೌಕಾಬಾರದಲ್ಲಿ ಸೋತರೂ ಕವಡೆ ಎಸೆಯುತ್ತಿದ್ದ ಹುಡುಗಿ ನೀನು. ಪದಕ ಬಂದ ದಿನಕ್ಕಿಂತ ಅವತ್ತು ನನಗೆ ಹೆಮ್ಮೆ ಜಾಸ್ತಿಯಾಯಿತು. ನಿನಗೆ ಹೇಳಲಿಲ್ಲ. ಬಸ್ಸಿನಲ್ಲಿ ಆ ಎಡಗಾಲಿನ ಬಗ್ಗೆಯೇ ಕೊರೆದೆ.

ಟ್ರಯಲ್ಸ್‌ಗೆ 53ರಲ್ಲಿ ಹೆಸರು ಕೊಡು. ಅಲ್ಲಿ ಗಟ್ಟಿ ಹುಡುಗಿಯರಿದ್ದಾರೆ, ಗೊತ್ತು. ಮೊದಲ ವರ್ಷ ಸೋಲಬಹುದು. ಕೋಚ್ ಒಪ್ಪದಿದ್ದರೆ ನಾನೇ ಬಂದು ಕೇಳಿಕೊಳ್ಳುತ್ತೇನೆ, ಕೂಗಾಡುವುದಿಲ್ಲ. ಇಲ್ಲ, 50ರಲ್ಲೇ ಆಡುತ್ತೀಯ ಅಂದರೆ... ನನಗೆ ಬರೆಯಲು ಆಗುತ್ತಿಲ್ಲ ಪುಟ್ಟಿ. ಆ ಬಾಗಿಲು ಮಾತ್ರ ಹಾಕಿಕೊಳ್ಳಬೇಡ.

ಮೆಷಿನ್ ಎಲ್ಲಿ ಬಚ್ಚಿಟ್ಟಿದ್ದೀಯ ಅಂತ ಕೇಳಿದ್ದೆ. ಅಟ್ಟದ ಮೇಲಿದೆ, ಹಳೇ ಕಂಬಳಿ ಕೆಳಗೆ. ಅಮ್ಮ ಇದರ ಜೊತೆ ತಂಬಿಟ್ಟು ಕಳಿಸುತ್ತಿದ್ದಾಳೆ. ಹನ್ನೆರಡಿವೆ. ರೂಮಿನವರಿಗೂ ಕೊಡು. ನೀನೆಷ್ಟು ತಿಂದೆ ಅಂತ ನನಗೆ ಫೋನ್ ಮಾಡಿ ಹೇಳು. ಬೈಯುವುದಕ್ಕಾದರೂ ಸರಿ, ಮಾಡು.

ನಿನ್ನ
ಅಪ್ಪ