ಜಿಮೇಲ್ ತುಂಬಿದೆ ಎಂದ ಸುಮಾಗೆ

ಚಿ. ಸುಮಾಗೆ ದೊಡ್ಡಪ್ಪನ ಆಶೀರ್ವಾದ.

ಜಿಮೇಲ್ ಭರ್ತಿಯಾಗಿದೆ, ದುಡ್ಡು ಕಟ್ಟಲಾ, ಇಲ್ಲ ಬೇರೆ ಕಡೆ ಹೋಗಲಾ ಅಂತ ಕೇಳಿದ್ದೀಯ. ಸದ್ಯಕ್ಕೆ ಎರಡೂ ಬೇಡ. ಮೊದಲು ಒಳಗೆ ಏನು ತುಂಬಿದೆ ಅಂತ ನೋಡು.

ಗೂಗಲ್ ಪುಕ್ಕಟೆ ಕೊಡುವ 15 ಜಿಬಿ ಜಾಗ ಬರೀ ಮೇಲ್‌ಗಲ್ಲ. ಡ್ರೈವ್, ಫೋಟೋಸ್ ಎಲ್ಲಾ ಅದರಲ್ಲೇ. ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ ಮೊದಲು ಲೆಕ್ಕಕ್ಕೆ ಬರುತ್ತಿರಲಿಲ್ಲ, 2024ರಿಂದ ಅದೂ ಸೇರಿಕೊಂಡಿದೆ. ನಮ್ಮ ಮನೆ ಗ್ರೂಪಿನಲ್ಲಿ ದಿನಾ ಬರುವ ಶುಭೋದಯದ ಹೂವು, ದೇವರ ವಿಡಿಯೊ, ಎಲ್ಲಾ ನಿನ್ನ ಜಾಗ ತಿನ್ನುತ್ತಿರಬಹುದು. (ಕಳಿಸುವವರಲ್ಲಿ ನಿನ್ನ ದೊಡ್ಡಮ್ಮನೇ ಮೊದಲು, ಹೇಳಿದೆ ಅಂತ ಹೇಳಬೇಡ.) ವಾಟ್ಸಾಪ್ ಸೆಟ್ಟಿಂಗ್‌ನಲ್ಲಿ ಬ್ಯಾಕಪ್‌ಗೆ ವಿಡಿಯೊ ಸೇರಿಸುವುದನ್ನು ಆಫ್ ಮಾಡು. ದೊಡ್ಡ ಅಟ್ಯಾಚ್‌ಮೆಂಟ್ ಇರುವ ಮೇಲ್‌ಗಳನ್ನು ಹುಡುಕಿ ಅಳಿಸು. ಅಳಿಸಿದ್ದು 30 ದಿನ ಟ್ರ್ಯಾಶ್‌ನಲ್ಲೇ ಕೂತಿರುತ್ತದೆ, ಅದನ್ನೂ ಖಾಲಿ ಮಾಡು. ಇಷ್ಟಾದ ಮೇಲೂ ಸಾಲದಿದ್ದರೆ ದುಡ್ಡಿನ ಮಾತು.

ಇನ್ನು ಯಾರು ಎಷ್ಟು ಜಿಬಿ ಕೊಡುತ್ತಾರೆ ಅನ್ನೋ ಪಟ್ಟಿ ನೋಡಿ ಮರುಳಾಗಬೇಡ. 2004ರ ಏಪ್ರಿಲ್ 1ಕ್ಕೆ ಜಿಮೇಲ್ ಬಂದಾಗ 1 ಜಿಬಿ ಕೊಡ್ತೀವಿ ಅಂದರು. ಆಗ ಹಾಟ್‌ಮೇಲ್ ಕೊಡುತ್ತಿದ್ದದ್ದು 2 ಎಂಬಿ. ಎಷ್ಟೋ ಜನ ಏಪ್ರಿಲ್ ಫೂಲ್ ಅಂತಲೇ ತಿಳಿದಿದ್ದರು. ಕೊಟ್ಟಿದ್ದನ್ನು ವಾಪಸ್ ತಗೊಂಡಿದ್ದೂ ಇದೆ. ಗೂಗಲ್ ಫೋಟೋಸ್‌ನಲ್ಲಿ ಎಷ್ಟು ಬೇಕಾದರೂ ಪುಕ್ಕಟೆ ಇಡಬಹುದಿತ್ತು, 2021ರ ಜೂನ್ 1ಕ್ಕೆ ಅದು ನಿಂತಿತು. ಯಾಹೂ 2013ರಲ್ಲಿ 1 ಟಿಬಿ (ಸುಮಾರು 1000 ಜಿಬಿ) ಅಂತ ಕೈ ಬಿಚ್ಚಿ ಕೊಟ್ಟಿತು, ಈಚೆಗೆ 20 ಜಿಬಿಗೆ ಇಳಿಸಿತು. ಅದೇ 2013ರಲ್ಲಿ ಯಾಹೂದ ಅಷ್ಟೂ 300 ಕೋಟಿ ಖಾತೆಗಳ ಮಾಹಿತಿ ಕಳ್ಳರ ಪಾಲಾಗಿತ್ತು, ಹೊರಗೆ ಗೊತ್ತಾಗಿದ್ದು ವರ್ಷಗಳ ನಂತರ. ಪುಕ್ಕಟೆ ಜಾಗ ಅವರದು, ನಿಯಮವೂ ಅವರದು. ಬೇಕಾದ ಕಾಗದಪತ್ರ ಒಂದು ಪೆನ್‌ಡ್ರೈವಿನಲ್ಲೂ ಇರಲಿ.

ಔಟ್‌ಲುಕ್ ಮೇಲ್‌ಗೆ 15 ಜಿಬಿ ಕೊಡುತ್ತದೆ. ನಮ್ಮ ಚೆನ್ನೈನ ಕಂಪನಿ ಜೋಹೋ ತನ್ನ ಮೇಲ್‌ಗೆ ಕೊಡುವುದು 5 ಜಿಬಿ, ಜಾಹೀರಾತಿನ ಕಾಟ ಇಲ್ಲ. ಕೆಲಸಕ್ಕೆ ಅರ್ಜಿ ಹಾಕೋಕೆ ಇವೆಲ್ಲಾ ಒಂದೇ.

ಗುಟ್ಟಿನ ವಿಷಯಕ್ಕೆ ಬಾ. ಜಾಹೀರಾತಿಗೋಸ್ಕರ ಮೇಲ್ ಓದುವುದನ್ನು ನಿಲ್ಲಿಸ್ತೀವಿ ಅಂತ ಗೂಗಲ್ 2017ರಲ್ಲಿ ಹೇಳಿತು. ಆದರೂ ಬೀಗದ ಕೈ ಅವರ ಹತ್ತಿರವೇ ಇದೆ. ಸ್ವಿಟ್ಜರ್ಲೆಂಡಿನ ಪ್ರೋಟಾನ್ ಮೇಲ್, ಜರ್ಮನಿಯ ಟೂಟಾ ಬೇರೆ ಥರ. ನಿನ್ನ ಪೆಟ್ಟಿಗೆಯಲ್ಲಿರುವ ಪತ್ರವನ್ನು ಅವರೂ ಓದಲಾಗದಂತೆ ಬೀಗ ಹಾಕಿಡುತ್ತಾರೆ. ಪುಕ್ಕಟೆಗೆ ಸಿಗೋದು 1 ಜಿಬಿಯಷ್ಟೇ. ಆದರೆ ಪ್ರೋಟಾನ್‌ನಿಂದ ಗೆಳತಿಯ ಜಿಮೇಲ್‌ಗೆ ಮಾಮೂಲಿಯಾಗಿ ಬರೆದರೆ ಒಂದು ಪ್ರತಿ ಗೂಗಲ್ ಹತ್ತಿರ ಇದ್ದೇ ಇರುತ್ತೆ, ಅಲ್ವಾ? 2021ರಲ್ಲಿ ಸ್ವಿಸ್ ಸರ್ಕಾರದ ಆದೇಶ ಬಂದಾಗ ಪ್ರೋಟಾನ್ ಒಬ್ಬ ಫ್ರೆಂಚ್ ಹೋರಾಟಗಾರರ ಐಪಿ ವಿಳಾಸ (ಯಾವ ಇಂಟರ್ನೆಟ್ ಸಂಪರ್ಕದಿಂದ ಬಂದರು ಅನ್ನೋ ಗುರುತು) ಕೊಡಬೇಕಾಯಿತು. ಪತ್ರದ ಒಳಗಿನದ್ದನ್ನು ಕೊಡಲು ಅವರಿಗೇ ಸಾಧ್ಯವಿರಲಿಲ್ಲ. ಆ ವ್ಯತ್ಯಾಸ ಸಣ್ಣದಲ್ಲ.

ಈ ಬೀಗಕ್ಕೆ ಇನ್ನೊಂದು ಮುಖ ಇದೆ. ಪ್ರೋಟಾನ್, ಟೂಟಾದಲ್ಲಿ ಪಾಸ್‌ವರ್ಡ್ ಮರೆತು, ರಿಕವರಿ ಸಾಲುಗಳೂ (ಪಾಸ್‌ವರ್ಡ್ ಮರೆತಾಗ ಖಾತೆ ಬಿಡಿಸಿಕೊಳ್ಳೋಕೆ ಕೊಡುವ ಗುಟ್ಟಿನ ಪದ ಅಥವಾ ಕೋಡ್) ಕಳೆದರೆ ಹಳೇ ಪತ್ರ ಯಾರೂ ತೆಗೆದುಕೊಡಲ್ಲ. ಪಾಸ್‌ವರ್ಡ್ ಮರೆಯೋದರಲ್ಲಿ ನೀನು ಎತ್ತಿದ ಕೈ, ಆ ಸಾಲುಗಳನ್ನು ಡೈರಿಯಲ್ಲಿ ಬರೆದಿಡು.

ನನ್ನ ಕೇಳಿದರೆ ಬ್ಯಾಂಕು, ಆಧಾರ್, ಕೆಲಸ ಇವಕ್ಕೆ ಜಿಮೇಲನ್ನೇ ಇಟ್ಟುಕೋ, ವಿಳಾಸ ಬದಲಿಸುವ ತಾಪತ್ರಯ ಯಾಕೆ? ಆಸ್ಪತ್ರೆ ರಿಪೋರ್ಟು, ಸ್ವಂತದ ಪತ್ರಗಳಿಗೆ ಪ್ರೋಟಾನ್ ತೆರೆ. ಆದರೆ ತೆರೆದು ಮರೆಯಬೇಡ. ವರ್ಷ ಮುಟ್ಟದಿದ್ದರೆ ಅವರು ಖಾತೆ ಅಳಿಸಬಹುದು. ಗೂಗಲ್‌ನಲ್ಲಿ ಆ ಗಡುವು 2 ವರ್ಷ.

ಇನ್ನೊಂದು. ಕಾಲೇಜು ಕೊಟ್ಟ ಮೇಲ್ ವಿಳಾಸವನ್ನು ಎಲ್ಲೆಲ್ಲಿ ಕೊಟ್ಟಿದ್ದೀಯೋ ಅಲ್ಲೆಲ್ಲಾ ಈ ತಿಂಗಳೇ ಬದಲಿಸು. ಕೋರ್ಸ್ ಮುಗಿದ ಮೇಲೆ ಅದನ್ನು ಮುಚ್ಚಿಬಿಟ್ಟರೆ ಓಟಿಪಿ ಬರುವ ದಾರಿಯೇ ಇರಲ್ಲ.

ಇಂತಿ,
ನಿನ್ನ ದೊಡ್ಡಪ್ಪ