ಪುನರ್ಪುಳಿ ಜ್ಯೂಸ್ ಇನ್ನು ಗಾಜಿನ ಬಾಟಲಿಯಲ್ಲಿ

ಆತ್ಮೀಯ ಗ್ರಾಹಕರೇ,

ನೀರು ಬೆರೆಸದೆ ನೇರ ಕುಡಿಯುವ ನಮ್ಮ ಪುನರ್ಪುಳಿ ಜ್ಯೂಸಿಗೆ ಈ ಹಂಗಾಮಿನಿಂದ, ಕೆಡದಂತೆ ಬೆರೆಸುವ ಸೋಡಿಯಂ ಬೆಂಜೊಯೇಟ್ ಹಾಕುತ್ತಿಲ್ಲ. ಮಿತಿಯೊಳಗೆ ಹಾಕಿದರೆ ಅದೇನೂ ವಿಷವಲ್ಲ. ಆದರೆ ಕೆಲವರ ನಾಲಿಗೆಗೆ ಅದರ ಚುರುಕು ಗೊತ್ತಾಗುತ್ತದೆ, ಮತ್ತು ಇಷ್ಟು ಹುಳಿಯಿರುವ ಜ್ಯೂಸಿಗೆ ಬಿಸಿಯೊಂದೇ ಸಾಕು. ಪ್ಲಾಸ್ಟಿಕ್ ಬಿಟ್ಟದ್ದೂ ಅದಕ್ಕೇ: 85 ಡಿಗ್ರಿಯ ಜ್ಯೂಸ್ ಹೊಯ್ದರೆ ಸಾಮಾನ್ಯ ಪೆಟ್ ಬಾಟಲಿ ಮೆತ್ತಗಾಗಿ ಸೊಟ್ಟಗಾಗುತ್ತದೆ.

ಸೋಸಿದ ಜ್ಯೂಸನ್ನು ಸ್ಟೀಲ್ ಪಾತ್ರೆಯಲ್ಲಿ 90 ಡಿಗ್ರಿಗೆ ಏರಿಸಿ ಒಂದು ನಿಮಿಷ ಹಿಡಿಯುತ್ತೇವೆ. 85ಕ್ಕಿಂತ ಕೆಳಗಿಳಿಯುವ ಮೊದಲೇ, ಬಿಸಿನೀರಲ್ಲಿ ಕಾಯಿಸಿಟ್ಟ ಬಾಟಲಿಗೆ ತುಂಬುತ್ತೇವೆ. ತಣ್ಣನೆ ಗಾಜಿಗೆ ಸುರಿದರೆ ಬಿರುಕು ಬಿಡಬಹುದು. ಮುಚ್ಚಳ ಬಿಗಿದು ಮೂರು ನಿಮಿಷ ಬಾಟಲಿಯನ್ನು ಅಡ್ಡ ಮಲಗಿಸುವುದು ಚಿಕ್ಕ ಕೆಲಸ, ಬಿಟ್ಟರೆ ಮಾತ್ರ ದೊಡ್ಡ ನಷ್ಟ. ಕತ್ತಿನ ಜಾಗಕ್ಕೂ ಮುಚ್ಚಳದ ಒಳಬದಿಗೂ ಬಿಸಿ ತಾಗದಿದ್ದರೆ ಬೂಸ್ಟು ಅಲ್ಲಿಂದಲೇ ಶುರು. ಆಮೇಲೆ ಉಗುರುಬೆಚ್ಚಗಿನ ನೀರು, ಕೊನೆಗೆ ತಣ್ಣೀರು. ತಣಿಸಲು ತಡಮಾಡಿದರೆ ಪುನರ್ಪುಳಿಯ ಕೆಂಪು ಕಂದು ಬಣ್ಣಕ್ಕೆ ತಿರುಗುತ್ತದೆ.

ಕುದಿಯದ ಬಿಸಿ ಹೇಗೆ ಸಾಕು ಎಂದು ಕೆಲವರು ಕೇಳಿದ್ದೀರಿ. ಬಿಸಿಗೆ ಜಗ್ಗದ ಕೆಲವು ಬ್ಯಾಕ್ಟೀರಿಯಾ ಬೀಜಾಣುಗಳು ಉಳಿಯುತ್ತವೆ, ನಿಜ. ಆದರೆ ಹುಳಿಯ ಅಳತೆಯಾದ ಪಿಎಚ್ (ಕಡಿಮೆಯಾದಷ್ಟೂ ಹುಳಿ ಹೆಚ್ಚು) 4.6ಕ್ಕಿಂತ ಕಡಿಮೆ ಇರುವಲ್ಲಿ ಬಾಟುಲಿಸಂ ಎಂಬ ಮಾರಕ ಆಹಾರವಿಷ ತರುವ ಬೀಜಾಣು ಮೊಳೆಯುವುದಿಲ್ಲ. ಪುನರ್ಪುಳಿ ಅದಕ್ಕಿಂತ ಎಷ್ಟೋ ಹೆಚ್ಚು ಹುಳಿ. ಜ್ಯೂಸ್ ಕೆಡಿಸುವ ಯೀಸ್ಟ್ ಈ ಬಿಸಿಗೆ ಸಾಯುತ್ತದೆ. ಹುಳಿಯಿಲ್ಲದ ತರಕಾರಿಯನ್ನು ಡಬ್ಬಿಯಲ್ಲಿ ತುಂಬಿಡಲು ಮಾತ್ರ ಪ್ರೆಶರಿನಲ್ಲಿ 121 ಡಿಗ್ರಿಯವರೆಗೆ ಹೋಗಬೇಕಾಗುತ್ತದೆ.

ಬಾಟಲಿ ಕೈಗೆ ಬಂದಾಗ ಮುಚ್ಚಳದ ನಡು ಒಳಕ್ಕೆ ತಗ್ಗಿರಬೇಕು, ತೆರೆದಾಗ 'ಟಕ್' ಎನ್ನಬೇಕು. ಬಿಸಿ ಜ್ಯೂಸ್ ತಣಿದು ಕುಗ್ಗಿದ್ದರ ಗುರುತು ಅದು. ಮುಚ್ಚಳ ಉಬ್ಬಿದ್ದರೆ, ತೆರೆದಾಗ ನೊರೆ ಉಕ್ಕಿದರೆ ಕುಡಿಯಬೇಡಿ. ಬಾಟಲಿ ತನ್ನಿ, ಬೇರೆ ಕೊಡುತ್ತೇವೆ. ತಳದ ತೆಳು ಗಸಿ ತಿರುಳಿನದ್ದು, ಅಲುಗಾಡಿಸಿದರಾಯಿತು. ಬಿಸಿಲಿಗೆ ಇಡಬೇಡಿ, ಬಣ್ಣ ಮಾಸುತ್ತದೆ.

ಹಳೆಯ ಅಭ್ಯಾಸವೊಂದನ್ನು ಮಾತ್ರ ಬದಲಿಸಿಕೊಳ್ಳಲೇಬೇಕು. ತೆರೆದ ಬಾಟಲಿ ಮೇಜಿನ ಮೇಲೆ ಉಳಿಯುವಂತಿಲ್ಲ. ಬಿಸಿ ಕೊಟ್ಟ ರಕ್ಷಣೆ ಮುಚ್ಚಳ ತೆರೆದ ಕ್ಷಣಕ್ಕೆ ಮುಗಿಯಿತು, ಹೊಸದಾಗಿ ಬಿದ್ದ ಯೀಸ್ಟನ್ನು ತಡೆಯಲು ಒಳಗೆ ಏನೂ ಇಲ್ಲ. ಫ್ರಿಜ್ಜಿನಲ್ಲಿಟ್ಟು ಐದು ದಿನದೊಳಗೆ ಮುಗಿಸಿ, ಬಾಟಲಿ ಕಚ್ಚಿ ಕುಡಿಯಬೇಡಿ.

ನೀರು ಬೆರೆಸುವ ಸಿರಪ್ಪು ಮೊದಲಿನಂತೆಯೇ ಇರುತ್ತದೆ. ಅದನ್ನು ಕೆಡದಂತೆ ಕಾಯುವುದು ಸಕ್ಕರೆ.

ಖಾಲಿ ಬಾಟಲಿ ತೊಳೆದು ವಾಪಸ್ ಕೊಡಿ. ಮುಚ್ಚಳ ಬೇಡ, ಅದರ ಒಳಪದರ ಎರಡನೇ ಸಲ ಗಾಳಿ ತಡೆಯುವುದಿಲ್ಲ.

ಇಂತಿ,
ನಿಮ್ಮ ಸಹಕಾರಿ ಸಂಘ